ಕರೆಂಟ್ ಹೋಗಿ ಬಂದಾಗಲೆಲ್ಲ ಗ್ಯಾಸ್ ಅಲಾರ್ಮ್ ಬಡಿದುಕೊಳ್ಳುತ್ತದೆ, ಸೆನ್ಸರ್ ತೆಗೆಸಬಹುದೇ?

ದಯವಿಟ್ಟು ತೆಗೆಸಬೇಡಿ. ನೀವು ಬರೆದಿರುವುದನ್ನು ನೋಡಿದರೆ ಸೆನ್ಸರ್ ಕೆಟ್ಟಿಲ್ಲ, ಅದು ನಿಜವನ್ನೇ ಹೇಳುತ್ತಿದೆ ಎಂಬ ಅನುಮಾನ ನನ್ನದು.

ಭಾಗಮಂಡಲದ ಕಡೆ ನಿಮ್ಮ ಹೋಂಸ್ಟೇ. ಹೊರಗಿನ ಶೆಡ್ಡಿನಲ್ಲಿ 19 ಕೆ.ಜಿ.ಯ ಸಿಲಿಂಡರುಗಳು, ಅಲ್ಲೇ ಸೊಲೆನಾಯ್ಡ್ ವಾಲ್ವ್ (ಕರೆಂಟಿನಿಂದ ಗ್ಯಾಸನ್ನು ಬಿಡುವ, ತಡೆಯುವ ವಾಲ್ವ್), ಅಡುಗೆಮನೆಯಲ್ಲಿ ಸೆನ್ಸರ್ ಮತ್ತು ಅಲಾರ್ಮ್ ಇರುವ ಡಿಟೆಕ್ಟರ್. ದೀಪಗಳು ಇನ್ವರ್ಟರ್ ಮೇಲಿವೆ, ವಾಲ್ವ್ ಮತ್ತು ಡಿಟೆಕ್ಟರ್ ನೇರ ಲೈನಿನಲ್ಲಿವೆ. ಮಳೆ ಹಿಡಿದ ಮೇಲೆ ಆಗಾಗ ಒಲೆ ಆರುತ್ತದೆ, ಸ್ವಲ್ಪ ಹೊತ್ತಿಗೆ ಅಲಾರ್ಮ್ ಕೂಗುತ್ತದೆ. ಶೀತಕ್ಕೆ ಸೆನ್ಸರ್ ಹಾಳಾಗಿದೆ, ಬೈಪಾಸ್ ಮಾಡೋಣ ಎಂದು ಎಲೆಕ್ಟ್ರಿಷಿಯನ್ ಹೇಳಿದ್ದಾರೆ.

ಕ್ರಮವನ್ನು ಗಮನಿಸಿ. ಸೆನ್ಸರ್ ಸುಳ್ಳು ಹೇಳುತ್ತಿದ್ದರೆ ಮೊದಲು ಅಲಾರ್ಮ್ ಕೂಗಬೇಕು, ಅದರ ಬೆನ್ನಿಗೆ ವಾಲ್ವ್ ಮುಚ್ಚಿ ಒಲೆ ಆರಬೇಕು. ನಿಮ್ಮಲ್ಲಿ ಆಗುತ್ತಿರುವುದು ತಿರುಗುಮುರುಗು.

ನಾನು ಮೊದಲು ಕರಾವಳಿಯಲ್ಲಿ ಹಾಯಿದೋಣಿಗಳ ವೈರಿಂಗ್ ಕೆಲಸ ಮಾಡುತ್ತಿದ್ದೆ, ಈಗ ಕೊಡಗಿನ ಹೋಂಸ್ಟೇಗಳ ಕೆಲಸ ನೋಡುತ್ತೇನೆ. ಪ್ರೊಪೇನ್ ಬಳಸುವ ದೋಣಿಗಳಲ್ಲೂ ಇದೇ ವ್ಯವಸ್ಥೆ: ಸಿಲಿಂಡರ್ ಪಕ್ಕದಲ್ಲಿ ವಾಲ್ವ್, ಒಲೆಯ ಹತ್ತಿರ ಸ್ವಿಚ್, ತಗ್ಗಿನಲ್ಲಿ ಸೆನ್ಸರ್. ಪ್ರೊಪೇನ್ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ, ಬ್ಯುಟೇನ್ ಎರಡು ಪಟ್ಟು. ಸೋರಿದ್ದು ದೋಣಿಯ ತಳಕ್ಕೆ ಇಳಿದು ಅಲ್ಲೇ ಕೂರುತ್ತದೆ. ಬರೆ (ಗುಡ್ಡದ ಇಳಿಜಾರು) ಕಡಿದು ಕಟ್ಟಿದ ನಮ್ಮ ಅಡುಗೆಮನೆಗಳದ್ದೂ ಅದೇ ಪಾಡು. ಹಿಂದೆ ಮಣ್ಣಿನ ಗೋಡೆ, ಮುಂದೆ ಇರಚಲಿಗೆ ಮುಚ್ಚಿದ ಬಾಗಿಲು. ಇಳಿದ ಗ್ಯಾಸ್ ಹೊರಹೋಗಲು ದಾರಿಯೇ ಇರುವುದಿಲ್ಲ. ಗಾಳಿಯಲ್ಲಿ ಶೇಕಡಾ 2ರಷ್ಟು ಎಲ್‌ಪಿಜಿ ಸೇರಿದರೂ ಕಿಡಿ ತಗುಲಿದೊಡನೆ ಹೊತ್ತಿಕೊಳ್ಳುತ್ತದೆ.

ನನ್ನ ಅಂದಾಜು ಹೀಗಿದೆ. ನಿಮ್ಮದು ಕರೆಂಟ್ ಇರುವಷ್ಟು ಹೊತ್ತು ಮಾತ್ರ ತೆರೆದಿರುವ ವಾಲ್ವ್. ಎಲ್ಲೋ ಮರ ಬಿದ್ದು ಕರೆಂಟ್ ಹೋಗುತ್ತದೆ, ವಾಲ್ವ್ ಮುಚ್ಚುತ್ತದೆ, ಪೈಪಿನಲ್ಲಿ ಉಳಿದಿದ್ದ ಗ್ಯಾಸ್ ಉರಿದು ಒಲೆ ಆರುತ್ತದೆ. ದೀಪಗಳು ಉರಿಯುತ್ತಲೇ ಇರುವುದರಿಂದ ಕರೆಂಟ್ ಹೋದದ್ದು ಅಡುಗೆಯವರ ಗಮನಕ್ಕೆ ಬರುವುದಿಲ್ಲ. ದೊಡ್ಡ ಪಾತ್ರೆಯ ಅಡಿಯಲ್ಲಿ ಉರಿ ಇಲ್ಲದಿರುವುದೂ ಕಾಣುವುದಿಲ್ಲ. ಎರಡು ನಿಮಿಷಕ್ಕೆ ಕರೆಂಟ್ ಬರುತ್ತದೆ, ವಾಲ್ವ್ ತಾನಾಗಿ ತೆರೆಯುತ್ತದೆ. ಒಲೆಯ ನಾಬ್ ತೆರೆದೇ ಇದೆ. ಬೆಂಕಿಯಿಲ್ಲದ ಬರ್ನರಿನಿಂದ ಗ್ಯಾಸ್ ಸುರಿಯುತ್ತದೆ. ಪಂದಿ ಕರಿ ಕುದಿಯುತ್ತಿರುವ ಕೋಣೆಯಲ್ಲಿ ಅದರ ವಾಸನೆ ತಕ್ಷಣ ಮೂಗಿಗೆ ಬಡಿಯುವುದೂ ಇಲ್ಲ. ಅದನ್ನು ಗುರುತಿಸುತ್ತಿರುವುದು ಆ ಸೆನ್ಸರ್ ಒಂದೇ. ಅದನ್ನೇ ಕಿತ್ತರೆ ಉಳಿಯುವುದೇನು?

ಇದು ಹೌದೋ ಅಲ್ಲವೋ ಎಂದು ತಿಳಿಯುವುದು ಸುಲಭ. ಸಿಲಿಂಡರುಗಳ ವಾಲ್ವ್ ಮುಚ್ಚಿ, ಒಲೆಯ ನಾಬ್‌ಗಳನ್ನೂ ಮುಚ್ಚಿ. ಒಬ್ಬರು ಶೆಡ್ಡಿನಲ್ಲಿ ಸೊಲೆನಾಯ್ಡ್ ಮೇಲೆ ಬೆರಳಿಟ್ಟು ನಿಲ್ಲಲಿ, ಇನ್ನೊಬ್ಬರು ಮೇನ್ ಸ್ವಿಚ್ ತೆಗೆಯಲಿ. ಬೆರಳಿಗೆ ‘ಟಕ್’ ಎಂದು ತಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಸ್ವಿಚ್ ಹಾಕಲಿ. ಯಾರೂ ಯಾವ ಬಟನ್ನನ್ನೂ ಒತ್ತದೆ ಮತ್ತೆ ‘ಟಕ್’ ಎಂದರೆ ದೋಷ ಸಿಕ್ಕಿತು.

ಪರಿಹಾರವನ್ನು ನೀವು ದಿನವೂ ನೋಡುತ್ತೀರಿ. ಕಾಫಿ ತೋಟದ ಪಂಪಿನ ಸ್ಟಾರ್ಟರ್ ಕರೆಂಟ್ ಬಂದೊಡನೆ ತಾನಾಗಿ ಹಿಡಿಯುವುದಿಲ್ಲ, ಯಾರಾದರೂ ಹೋಗಿ ಹಸಿರು ಬಟನ್ ಒತ್ತಬೇಕು. ಗ್ಯಾಸ್ ವಾಲ್ವ್ ಕೂಡ ಹಾಗೆಯೇ ಇರಬೇಕು. ಒಂದು ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್), ಒಂದು ಪುಷ್ ಬಟನ್ ಹಾಕಿ ಹಾಗೆ ಮಾಡಬಹುದು. ಕೈಯಿಂದ ರೀಸೆಟ್ ಮಾಡುವ ವಾಲ್ವ್ ಸಿಕ್ಕರೆ ಇನ್ನೂ ಒಳ್ಳೆಯದು. ಬಟನ್ ಒಲೆಯ ಎದುರಿಗೇ ಇರಲಿ. ಒತ್ತುವವರು ಮೊದಲು ನಾಬ್‌ಗಳನ್ನು ನೋಡುವಂತಾಗಬೇಕು. ವಾಲ್ವನ್ನೂ ಇನ್ವರ್ಟರಿಗೆ ಹಾಕಿಸಿ ಸುಮ್ಮನಾಗುವುದು ಸಾಲದು. ಆಟಿ ತಿಂಗಳ ಮಳೆಯಲ್ಲಿ ಬ್ಯಾಟರಿ ಪೂರ್ತಿ ಇಳಿದ ದಿನ ಮತ್ತೆ ಇದೇ ಕಥೆ. ಮುಂದೆ ಒಲೆ ಬದಲಿಸುವಾಗ ಉರಿ ಆರಿದರೆ ಗ್ಯಾಸನ್ನು ತಾನೇ ನಿಲ್ಲಿಸುವ ಬರ್ನರ್ ಕೇಳಿ. ಅದರಲ್ಲಿ ಉರಿಯ ಬಿಸಿಗೆ ಥರ್ಮೋಕಪಲ್‌ನಲ್ಲಿ ಹುಟ್ಟುವ ಕೆಲವೇ ಮಿಲಿವೋಲ್ಟ್ ವಾಲ್ವನ್ನು ತೆರೆದಿಡುತ್ತದೆ, ಬಿಸಿ ಹೋದರೆ ಅದು ಮುಚ್ಚುತ್ತದೆ. ಒಳ್ಳೆಯ ದೋಣಿಗಳ ಒಲೆಗಳಲ್ಲಿ ಪ್ರತಿ ಬರ್ನರಿಗೂ ಇದು ಇರುತ್ತದೆ.

ಕರೆಂಟ್ ಇದ್ದಾಗಲೂ ಒಲೆ ಆರುತ್ತಿದ್ದರೆ ಶೆಡ್ಡಿನ ವೈರ್ ಜಾಯಿಂಟ್ ಬಿಚ್ಚಿಸಿ ನೋಡಿ, ತಾಮ್ರ ಹಸಿರುಗಟ್ಟಿರುತ್ತದೆ. ವಾಲ್ವ್ ಕಳಚಿ ಅಳೆದರೆ ಮೀಟರ್ ಪೂರ್ತಿ ವೋಲ್ಟೇಜ್ ತೋರಿಸೀತು, ಆದರೆ ನಂಬಬೇಡಿ. ವಾಲ್ವ್ ಜೋಡಿಸಿದಂತೆಯೇ ಅಳೆಯಬೇಕು. ಆಗ ವೋಲ್ಟೇಜ್ ಕುಸಿದರೆ ಜಾಯಿಂಟ್ ಹೊಸದಾಗಿ ಮಾಡಿ, ನೀರು ಹೋಗದ ಪೆಟ್ಟಿಗೆಯೊಳಗೆ ಇಡಿ.

ಸುಳ್ಳು ಅಲಾರ್ಮ್ ಬರುವುದೇ ಇಲ್ಲ ಎಂದಲ್ಲ. ಸಾಮಾನ್ಯ ಸೆನ್ಸರ್‌ಗೆ ಮದ್ಯಸಾರದ ಆವಿಯೂ ತಾಗುತ್ತದೆ. ಮನೆಯಲ್ಲೇ ಮಾಡುವ ವೈನಿನ ಭರಣಿಗಳು ಅಡುಗೆಮನೆಯ ಮೂಲೆಯಲ್ಲಿದ್ದರೆ ಬೇರೆ ಕೋಣೆಗೆ ಸಾಗಿಸಿ. ಮಳೆಗಾಲದ ಮುಗ್ಗಲು ವಾಸನೆಗೆಂದು ಹೊಡೆಯುವ ರೂಮ್ ಸ್ಪ್ರೇಗಳಲ್ಲಿ ತಳ್ಳುಗ್ಯಾಸಾಗಿ ಪ್ರೊಪೇನ್, ಬ್ಯುಟೇನ್ ಇರುವುದುಂಟು. ಅದಕ್ಕೆ ಸೆನ್ಸರ್ ಕೂಗಿದರೆ ಅದರ ತಪ್ಪಿಲ್ಲ. ಟೆಸ್ಟ್ ಬಟನ್ ಒತ್ತಿ ಸೆನ್ಸರ್ ಸರಿಯಿದೆ ಎಂದುಕೊಳ್ಳಬೇಡಿ, ಬಹುತೇಕ ಡಿಟೆಕ್ಟರ್‌ಗಳಲ್ಲಿ ಅದು ಬಜರ್ ಮತ್ತು ವಾಲ್ವನ್ನಷ್ಟೇ ಪರೀಕ್ಷಿಸುತ್ತದೆ. ಸೆನ್ಸರ್‌ಗೂ ಆಯುಸ್ಸಿದೆ, ಪೆಟ್ಟಿಗೆಯ ಮೇಲಿನ ದಿನಾಂಕ ನೋಡಿ.

ನಿಜವಾದ ಸೋರಿಕೆ ಇಲ್ಲವೆಂದೂ ಖಚಿತವಾಗಬೇಕು. ಸಿಲಿಂಡರ್ ಮತ್ತು ರೆಗ್ಯುಲೇಟರ್ ನಡುವೆ ಪ್ರೆಶರ್ ಗೇಜ್ ಹಾಕಿಸಿ. ನಾಬ್‌ಗಳೆಲ್ಲ ಮುಚ್ಚಿರಲಿ, ಸೊಲೆನಾಯ್ಡ್ ತೆರೆದಿರಲಿ. ಸಿಲಿಂಡರ್ ತೆರೆದು ಮುಚ್ಚಿ, ಮುಳ್ಳು ಎಲ್ಲಿದೆ ಎಂದು ಗುರುತು ಹಾಕಿ ಹದಿನೈದು ನಿಮಿಷ ಬಿಡಿ. ಮುಳ್ಳು ಇಳಿದರೆ ಸೊಲೆನಾಯ್ಡ್ ಮುಚ್ಚಿ ಮತ್ತೊಮ್ಮೆ ನೋಡಿ. ಈಗ ನಿಂತರೆ ಸೋರಿಕೆ ವಾಲ್ವಿನಿಂದ ಒಲೆಯ ಕಡೆಗಿದೆ, ಈಗಲೂ ಇಳಿದರೆ ಶೆಡ್ಡಿನಲ್ಲೇ ಇದೆ. ಎಲ್ಲಿ ಎಂದು ಹುಡುಕಲು ಸಾಬೂನು ನೀರು ಸಾಕು.

ಇದೆಲ್ಲ ಸರಿಯಾಗುವವರೆಗೆ ಅಲಾರ್ಮ್ ಕೂಗಿದಾಗಲೆಲ್ಲ ನಿಜವೆಂದೇ ತಿಳಿಯಿರಿ. ಎಕ್ಸಾಸ್ಟ್ ಫ್ಯಾನ್ ಸೇರಿ ಯಾವ ಸ್ವಿಚ್ಚನ್ನೂ ಮುಟ್ಟಬಾರದು. ಬಾಗಿಲು ತೆರೆದು ಎಲ್ಲರನ್ನೂ ಹೊರಗೆ ಕಳುಹಿಸಿ, ಶೆಡ್ಡಿನಲ್ಲಿ ಸಿಲಿಂಡರ್ ಮುಚ್ಚಿ, ದೂರ ಹೋಗಿ ಗ್ಯಾಸ್ ಸೋರಿಕೆಯ ತುರ್ತು ಸಹಾಯವಾಣಿ 1906ಕ್ಕೆ ಕರೆ ಮಾಡಿ. ‘ಟಕ್’ ಪರೀಕ್ಷೆಯಲ್ಲಿ ಏನಾಯಿತು ಎಂದು ಇಲ್ಲೇ ಬರೆಯಿರಿ. ವಾಲ್ವಿನ ಮೇಲಿನ ಚೀಟಿಯ ಫೋಟೋ ಹಾಕಿದರೆ ರಿಲೇ ಜೋಡಿಸುವ ಬಗೆಯನ್ನು ನಿಮ್ಮ ಎಲೆಕ್ಟ್ರಿಷಿಯನ್‌ಗೆ ತಿಳಿಯುವಂತೆ ಚಿತ್ರ ಬರೆದು ಕೊಡುತ್ತೇನೆ.