ಕರೋಕೆಗೆ ಯಾವ ಹಾಡು?

ಮಾನ್ಯರೇ,

ಮಂಡ್ಯದಿಂದ ನೀವು ಬರೆದ ಪತ್ರ ತಲುಪಿತು. ಮೈಸೂರಿನ ಹೋಟೆಲೊಂದರಲ್ಲಿ ನಡೆದ ಸಹೋದ್ಯೋಗಿಗಳ ಕೂಟದಲ್ಲಿ ಕರೋಕೆಗೆ, ಅಂದರೆ ಮೊದಲೇ ಮುದ್ರಿಸಿಟ್ಟ ವಾದ್ಯಸಂಗೀತಕ್ಕೆ ದನಿಗೂಡಿಸುತ್ತ, ಈಗಲ್ಸ್ ತಂಡದ ‘ಹೋಟೆಲ್ ಕ್ಯಾಲಿಫೋರ್ನಿಯಾ’ ಹಾಡಲು ಹೋಗಿ, ಕೊನೆಯಲ್ಲಿ ಬರೀ ಗಿಟಾರ್ ನುಡಿಯುತ್ತಿದ್ದಾಗ ಮೈಕನ್ನು ಕೈಯಿಂದ ಕೈಗೆ ಬದಲಾಯಿಸುತ್ತ ನಿಂತಿದ್ದಾಗಿ ಬರೆದಿದ್ದೀರಿ. ಮುಂದಿನ ತಿಂಗಳು ಹಳೆಯ ಕಾಲೇಜು ಗೆಳೆಯರ ಕೂಟವೂ ತಂಗಿಯ ಮದುವೆಯ ಬೀಗರ ಊಟವೂ ಇರುವುದರಿಂದ, ಎಲ್ಲ ಕಡೆಗೂ ಒಗ್ಗುವ ಸುಲಭದ ಬ್ಯಾಂಡ್ ಹಾಡೊಂದನ್ನು ಸೂಚಿಸಬೇಕೆಂದು ಕೇಳಿದ್ದೀರಿ. ಅಂಥ ಒಂದೇ ಹಾಡು ಇಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ.

ಅಂದು ಕೈಕೊಟ್ಟದ್ದು ನಿಮ್ಮ ದನಿಯಲ್ಲ. ಆರೂವರೆ ನಿಮಿಷದ ಆ ಹಾಡಿನಲ್ಲಿ ಬಾಯಿ ತೆರೆಯುವುದಕ್ಕೇ ಹೆಚ್ಚುಕಡಿಮೆ ಒಂದು ನಿಮಿಷ ಕಾಯಬೇಕು. ಕೊನೆಯ ಎರಡು ನಿಮಿಷ ಪೂರ್ತಿ ಗಿಟಾರಿನದು. ನಮ್ಮ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಾದರೆ ಕೀಬೋರ್ಡಿನವರು ಹಾಡುವವರ ಮುಖ ನೋಡಿ ಶ್ರುತಿ ಇಳಿಸುತ್ತಾರೆ, ಕಣ್ಸನ್ನೆ ಮಾಡಿದರೆ ನಡುವಿನ ವಾದ್ಯಭಾಗವನ್ನು ಹಾರಿಸಿ ಚರಣಕ್ಕೆ ಬರುತ್ತಾರೆ. ‘ಕರೋಕೆ’ ಎಂಬ ಜಪಾನಿ ಮಾತಿಗೆ ಖಾಲಿ ಆರ್ಕೆಸ್ಟ್ರಾ ಎಂದೇ ಅರ್ಥ. ಅಲ್ಲಿ ನಿಮ್ಮ ಮುಖ ನೋಡುವವರಿಲ್ಲ. ಆದ್ದರಿಂದ ವಾದ್ಯ ಎಷ್ಟು ಹೊತ್ತು ಒಂಟಿಯಾಗಿ ನುಡಿಯುತ್ತದೆ, ಕೂತವರು ದನಿಗೂಡಿಸಬಲ್ಲ ಪಲ್ಲವಿ ಎಷ್ಟು ಬೇಗ ಬರುತ್ತದೆ ಎಂಬುದನ್ನು ಮೊದಲು ನೋಡಿಕೊಳ್ಳಿ.

ಸಹೋದ್ಯೋಗಿಗಳ ನಡುವೆ ಇನ್ನೊಮ್ಮೆ ಹಾಡುವುದಾದರೆ ಕ್ವೀನ್ ತಂಡದ 1977ರ ‘ವಿ ವಿಲ್ ರಾಕ್ ಯೂ’ ಸಾಕು. ಎರಡು ನಿಮಿಷದ ಹಾಡು. ಎರಡು ಬಾರಿ ಕಾಲು ಬಡಿದು ಒಂದು ಚಪ್ಪಾಳೆ ತಟ್ಟುವುದೇ ಅದರ ತಾಳ. ಹಾಡಲು ಸಂಕೋಚಪಡುವ ಮೇಲಧಿಕಾರಿಯೂ ಮೇಜು ಕುಟ್ಟಬಹುದು. ಗೆಳೆಯರ ಕೂಟಕ್ಕೆ ಬೀಟಲ್ಸ್ ತಂಡದ 1966ರ ‘ಯೆಲ್ಲೋ ಸಬ್‌ಮರೀನ್’ ಇರಲಿ. ಡ್ರಮ್ಸ್ ಬಾರಿಸುತ್ತಿದ್ದ ರಿಂಗೋ ಸ್ಟಾರ್ ಹಾಡಲೆಂದೇ, ಅವರ ದನಿಯ ಮಿತಿಯನ್ನು ಗಮನದಲ್ಲಿಟ್ಟು ಕಟ್ಟಿದ ಹಾಡದು. ನಮ್ಮಂಥವರ ಗಂಟಲಿಗೂ ಭಾರವಾಗದು. ಅದೇ ತಂಡದ ‘ಹೇ ಜೂಡ್’ ಏಳು ನಿಮಿಷ ಮೀರುವುದರಿಂದ, ಮೈಕಿಗಾಗಿ ಇನ್ನಾರೂ ಕಾಯುತ್ತಿಲ್ಲವೆಂದು ಖಾತ್ರಿಯಾದ ಮೇಲೆ ತೆಗೆದುಕೊಳ್ಳಿ.

ಬೀಗರ ಊಟದ ಮಾತೇ ಬೇರೆ. ಅಲ್ಲಿ ಇಂಗ್ಲಿಷ್ ಹಾಡು ಎತ್ತಿದರೆ ಹಿರಿಯರು ಮರ್ಯಾದೆಗೆ ಒಂದು ಸಾಲು ಕೇಳಿ ಎಲೆ‑ಅಡಿಕೆ ತಟ್ಟೆಯ ಕಡೆ ಹೊರಡುತ್ತಾರೆ. ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಅವರ ತಂಡ ಹಾಡಿರುವ, ಶಿಶುನಾಳ ಷರೀಫರ ‘ಲೋಕದ ಕಾಳಜಿ’ಯನ್ನು ನಾನು ಸೂಚಿಸುತ್ತೇನೆ. ಸಿ. ಅಶ್ವತ್ಥ್ ಅವರ ಕಂಠದಿಂದ ಷರೀಫರನ್ನು ಬಲ್ಲ ಹಿರಿಯರಿಗೂ ಈ ಬ್ಯಾಂಡಿನಿಂದ ಬಲ್ಲ ಹುಡುಗರಿಗೂ ಅದು ಸಲ್ಲುತ್ತದೆ. ಪಲ್ಲವಿಯಲ್ಲಿ ಮೊದಲರ್ಧ ನೀವು ಹಾಡಿ, ‘ಮಾಡಪ್ಪಾ ಚಿಂತಿ’ ಎಂಬ ತುದಿಯನ್ನು ಕೂತವರಿಗೆ ಬಿಟ್ಟುಕೊಡಿ. ಎರಡನೆಯ ಸುತ್ತಿಗೆ ಬೀಗರೇ ಹೇಳತೊಡಗುತ್ತಾರೆ. ದಯವಿಟ್ಟು ಆ ‘ಚಿಂತಿ’ಯನ್ನು ನಮ್ಮ ಕಡೆಯ ‘ಚಿಂತೆ’ ಮಾಡಬೇಡಿ, ಹಾಡಿನ ಸೊಗಸು ಅಲ್ಲಿಯೇ ಇದೆ.

ಯಾವ ಹಾಡಾದರೂ ಅದರ ಅತಿ ಎತ್ತರದ ಸಾಲನ್ನು ಮನೆಯಲ್ಲಿ ನಿಂತುಕೊಂಡು ಹಾಡಿ ನೋಡಿ. ಕತ್ತಿನ ನರ ಉಬ್ಬಿದರೆ ಟ್ರ್ಯಾಕಿನ ಶ್ರುತಿಯನ್ನು ಹಾರ್ಮೋನಿಯಂ ಲೆಕ್ಕದಲ್ಲಿ ಅರ್ಧ ಮನೆಯೋ ಒಂದು ಮನೆಯೋ ಇಳಿಸಿಕೊಳ್ಳಿ. ಮತ್ತೆ, ಮುದ್ದೆ‑ಬಾಡು ಉಂಡ ಹೊಟ್ಟೆಯಲ್ಲಿ ಉಸಿರು ನಿಲ್ಲುವುದಿಲ್ಲವಾದ್ದರಿಂದ, ಮೊದಲ ಪಂಕ್ತಿ ಏಳುವಷ್ಟರಲ್ಲಿ ನೀವು ಹಾಡಿ ಮುಗಿಸಿ ಎರಡನೆಯ ಪಂಕ್ತಿಗೆ ಕೂರುವುದು ಲೇಸು.

— ಸಂಪಾದಕ