ಜೇಸನ್ ರಾಬಿನ್ಸನ್ ಎರಡೂ ಥರದ ರಗ್ಬೀಲಿ ಇಂಗ್ಲೆಂಡ್‌ಗೆ ಆಡೋಕೆ ಹೇಗಾಯ್ತು?

1995ರಲ್ಲಿ ರಗ್ಬಿ ಯೂನಿಯನ್‌ನವ್ರು ದುಡ್ಡು ತಗೊಂಡು ಆಡ್ಬಹುದು ಅಂತ ಒಪ್ಪಿಕೊಂಡ್ರಲ್ಲ, ಅದ್ರಿಂದ್ಲೇ ಇದಾಗಿದ್ದು. ರಗ್ಬೀಲಿ ಲೀಗ್, ಯೂನಿಯನ್ ಅಂತ ಎರಡು ಬೇರೆ ಬೇರೆ ಆಟ ಇದೆ. 1895ರಲ್ಲಿ ಉತ್ತರ ಇಂಗ್ಲೆಂಡ್‌ನ ಕ್ಲಬ್‌ಗಳು, ಕೆಲ್ಸಕ್ಕೆ ರಜಾ ಹಾಕಿ ಆಡೋ ಕಾರ್ಮಿಕರಿಗೆ ಆ ದಿನದ ಕೂಲಿಯಾದ್ರೂ ಕೊಡ್ಬೇಕು ಅಂದ್ವು, ಯೂನಿಯನ್ ಒಪ್ಪಲಿಲ್ಲ, ಅವು ಬೇರೆ ಆದ್ವು, ಅದೇ ಮುಂದೆ ಲೀಗ್ ಆಯ್ತು. ಆಮೇಲೆ ಸುಮಾರು ನೂರು ವರ್ಷ ಲೀಗ್‌ಗೆ ಹೋದವ್ರಿಗೆ ಯೂನಿಯನ್ ಬಾಗಿಲು ಬಂದ್. ಹೊಟ್ಟೆಪಾಡಿಗೆ ಆಡಿದ್ದಕ್ಕೆ ಈ ಶಿಕ್ಷೆ ಕೊಟ್ಟಿದ್ದು ನನ್ನ ಪ್ರಕಾರ ಬರೀ ಅನ್ಯಾಯ.

ರಾಬಿನ್ಸನ್ ಲೀಡ್ಸ್‌ನವ್ರು, ವಿಗನ್ ಕ್ಲಬ್‌ನಲ್ಲಿ ಲೀಗ್ ಆಡಿ ಹೆಸರು ಮಾಡಿದ್ರು, 2000ದಲ್ಲಿ ಯೂನಿಯನ್‌ಗೆ ಬಂದು ಸೇಲ್ ಅನ್ನೋ ಕ್ಲಬ್ ಸೇರಿದ್ರು, 2001ರಲ್ಲೇ ಇಂಗ್ಲೆಂಡ್ ಟೀಮಲ್ಲಿ ಇದ್ರು! ಅಷ್ಟು ಬೇಗ ಹೊಂದ್ಕೊಂಡಿದ್ದಕ್ಕೆ ಕಾರಣ ಅವ್ರು ಆಡ್ತಿದ್ದ ಜಾಗ. ಲೀಗ್‌ನಲ್ಲಿ 13 ಜನ, ಆರು ಸಲ ಟ್ಯಾಕಲ್ ಆದ್ರೆ, ಅಂದ್ರೆ ಹಿಡಿದು ನಿಲ್ಲಿಸಿದ್ರೆ, ಬಾಲ್ ಎದುರಾಳಿಗೆ ಹೋಗುತ್ತೆ. ಯೂನಿಯನ್‌ನಲ್ಲಿ 15 ಜನ, ಆ ಲೆಕ್ಕ ಇಲ್ಲ, ಬಿದ್ದ ಬಾಲ್‌ಗೆ ಗುಂಪುಗುಂಪಾಗಿ ತಳ್ಳಾಡ್ತಾರೆ. ಆ ತಳ್ಳಾಟ ಮುಂದಿನ ಸಾಲಿನವ್ರಿಗೆ ಹೊಸದಾಗಿ ಕಲಿಯೋದು ಬಹಳ ಕಷ್ಟ, ಆದ್ರೆ ಅಂಚಲ್ಲಿ ಓಡೋ ವಿಂಗರ್‌ಗೆ ಬೇಕಾಗಿರೋ ವೇಗ, ಎದುರಿನವ್ನನ್ನ ಏಮಾರ್ಸಿ ಪಕ್ಕಕ್ಕೆ ಹಾರೋ ಕಾಲು ಎರಡೂ ಆಟದಲ್ಲಿ ಒಂದೇ. ರಾಬಿನ್ಸನ್‌ಗೆ ಇದ್ರಲ್ಲಿ ಸಾಟಿ ಯಾರೂ ಇರ್ಲಿಲ್ಲ ಅಂತ್ಲೇ ನಾನು ಹೇಳೋದು. 2003ರ ಯೂನಿಯನ್ ವಿಶ್ವಕಪ್ ಫೈನಲ್‌ನಲ್ಲಿ ಸಿಡ್ನಿಯಲ್ಲಿ ಆಸ್ಟ್ರೇಲಿಯಾನ 20-17ರಲ್ಲಿ ಸೋಲಿಸಿದಾಗ ಇಂಗ್ಲೆಂಡ್‌ನ ಒಂದೇ ಒಂದು ಟ್ರೈ, ಅಂದ್ರೆ ಗೆರೆ ದಾಟಿ ಬಾಲ್ ನೆಲಕ್ಕೆ ಒತ್ತಿದ್ದು, ಇವ್ರದ್ದೇ.