ಗರ್ಭಿಣಿಯರು ಫಿಟ್ಸ್ ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ನನಗೆ 26 ವರ್ಷ. ಮೂರ್ಛೆರೋಗಕ್ಕಾಗಿ ಹಲವು ವರ್ಷಗಳಿಂದ ಲೆವೆಟಿರಾಸಿಟಮ್ 500 ಮಿಲಿಗ್ರಾಂ ಮಾತ್ರೆಯನ್ನು ಬೆಳಿಗ್ಗೆ, ರಾತ್ರಿ ಸೇವಿಸುತ್ತಿದ್ದೇನೆ. ಎರಡು ವರ್ಷಗಳಿಂದ ಫಿಟ್ಸ್ ಬಂದಿಲ್ಲ. ಈಗ ಎರಡು ತಿಂಗಳ ಗರ್ಭಿಣಿ. ಮದ್ದಿನಿಂದ ಮಗುವಿಗೆ ಅಂಗವೈಕಲ್ಯ ಬಂದೀತೆಂದು ಅತ್ತೆಯವರು ಹೆದರುತ್ತಾರೆ. ಒಂದು ವಾರದಿಂದ ರಾತ್ರಿಯ ಮಾತ್ರೆ ಬಿಟ್ಟಿದ್ದೇನೆ. ಪೂರ್ತಿ ನಿಲ್ಲಿಸಬಹುದೇ? ತಲೆನೋವಿಗೆ ಯಾವ ಮಾತ್ರೆ ಸೇವಿಸಬಹುದು?
– ಓದುಗರು, ಬದಿಯಡ್ಕ

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ರಾತ್ರಿಯ ಮಾತ್ರೆಯನ್ನು ಇಂದೇ ಮತ್ತೆ ಆರಂಭಿಸಿ, ಆದರೆ ತಪ್ಪಿದ್ದನ್ನು ಸರಿದೂಗಿಸಲೆಂದು ಒಮ್ಮೆಗೇ ಎರಡು ನುಂಗಬೇಡಿ. ಗರ್ಭಿಣಿಯಾಗಿರುವುದನ್ನೂ ಮಾತ್ರೆ ಬಿಟ್ಟಿದ್ದನ್ನೂ ನಿಮ್ಮ ನರರೋಗ ತಜ್ಞರಿಗೆ ತಡಮಾಡದೆ ತಿಳಿಸಿ.

ಎಂಡೋಸಲ್ಫಾನ್ ಎಂಬ ಕೀಟನಾಶಕದ ಸಂಕಟವನ್ನು ಕಣ್ಣಾರೆ ಕಂಡ ನಮ್ಮ ಊರುಗಳಲ್ಲಿ ನಿಮ್ಮ ಅತ್ತೆಯವರ ಭಯವನ್ನು ಯಾರೂ ಹಗುರವಾಗಿ ಕಾಣಲಾರರು. ಮೂರ್ಛೆರೋಗದ ಮದ್ದುಗಳ ವಿಷಯದಲ್ಲಿ ಆ ಭಯ ಪೂರ್ತಿ ಸುಳ್ಳೂ ಅಲ್ಲ. ವಾಲ್‌ಪ್ರೋಯೇಟ್ ಎಂಬ ಮದ್ದನ್ನು ಗರ್ಭಿಣಿಯರು ಸೇವಿಸಿದರೆ ನೂರರಲ್ಲಿ ಸುಮಾರು 10 ಶಿಶುಗಳಿಗೆ ಬೆನ್ನುಹುರಿ, ಹೃದಯ ಮೊದಲಾದವುಗಳ ಜನ್ಮಜಾತ ದೋಷ ಉಂಟಾಗುತ್ತದೆ. ಬುದ್ಧಿಯ ಬೆಳವಣಿಗೆ ಕುಂಠಿತವಾಗುವ ಅಪಾಯ ಅದಕ್ಕಿಂತಲೂ ಹೆಚ್ಚು. ಆದರೆ ನೀವು ಸೇವಿಸುತ್ತಿರುವುದು ಅದಲ್ಲ. ಯಾವ ಮದ್ದನ್ನೂ ಸೇವಿಸದ ತಾಯಂದಿರ ಮಕ್ಕಳಲ್ಲಿಯೂ ನೂರಕ್ಕೆ ಎರಡು ಮೂರು ಮಂದಿಗೆ ಇಂಥ ದೋಷಗಳು ಕಾಣುತ್ತವೆ, ಮತ್ತು ಲೆವೆಟಿರಾಸಿಟಮ್ ಹಾಗೂ ಲ್ಯಾಮೋಟ್ರಿಜಿನ್ ಎಂಬ ಇನ್ನೊಂದು ಫಿಟ್ಸ್ ಮದ್ದನ್ನು ಸೇವಿಸಿದವರಲ್ಲಿ ಈ ಪ್ರಮಾಣ ಹೆಚ್ಚೇನೂ ಬದಲಾಗುವುದಿಲ್ಲ. ಮೂರ್ಛೆರೋಗವಿರುವ ತಾಯಂದಿರನ್ನೂ ಅವರ ಮಕ್ಕಳನ್ನೂ ಗಮನಿಸುತ್ತ ಬರಲೆಂದೇ ತಿರುವನಂತಪುರದ ಶ್ರೀ ಚಿತ್ರಾ ವೈದ್ಯಕೀಯ ಸಂಸ್ಥೆಯಲ್ಲಿ 1998ರಿಂದ ಒಂದು ದಾಖಲಾತಿ ನಡೆಯುತ್ತಿದೆ.

ಮಾತ್ರೆ ಬಿಟ್ಟರೆ ಬರುವ ಅಪಾಯವನ್ನು ಮನೆಯವರು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದೇ ನನ್ನ ಚಿಂತೆ. ಬಾವಿಕಟ್ಟೆಯ ಬಳಿ ನೀರು ಸೇದುವಾಗಲೋ ಒಲೆಯ ಮುಂದೆಯೋ ಫಿಟ್ಸ್ ಬಂದು ಬಿದ್ದರೆ ಹೊಟ್ಟೆಗೆ ಪೆಟ್ಟಾಗಬಹುದು. ಸೆಳವು ನಿಲ್ಲದೆ ಮುಂದುವರಿದರೆ ಶಿಶುವಿಗೆ ಆಮ್ಲಜನಕ ಕಡಿಮೆಯಾಗಿ ಇಬ್ಬರ ಪ್ರಾಣಕ್ಕೂ ಕುತ್ತು ಬರಬಹುದು. ಗರ್ಭಾವಸ್ಥೆಯಲ್ಲಿ ಮೂತ್ರಪಿಂಡಗಳು ಈ ಮದ್ದನ್ನು ಬೇಗ ಹೊರಹಾಕುವುದರಿಂದ ರಕ್ತದಲ್ಲಿ ಅದರ ಅಂಶ ತಾನಾಗಿಯೇ ಇಳಿಯುತ್ತದೆ. ಹಾಗಾಗಿ ಮುಂದಿನ ತಿಂಗಳುಗಳಲ್ಲಿ ವೈದ್ಯರು ಪ್ರಮಾಣವನ್ನು ಹೆಚ್ಚಿಸಿದರೆ ಗಾಬರಿಪಡಬೇಡಿ.

ಫೋಲಿಕ್ ಆಮ್ಲದ ಮಾತ್ರೆಯನ್ನು ಈಗಲೇ ಕೇಳಿ ಪಡೆಯಿರಿ. ಮೂರ್ಛೆರೋಗವಿದ್ದವರಿಗೆ ಸಾಮಾನ್ಯವಾಗಿ 5 ಮಿಲಿಗ್ರಾಂ ಬರೆದುಕೊಡುತ್ತಾರೆ. ಶಿಶುವಿನ ಅಂಗಾಂಗಗಳನ್ನು ನೋಡುವ ಸ್ಕ್ಯಾನನ್ನು 18ರಿಂದ 20 ವಾರಗಳ ನಡುವೆ ತಪ್ಪದೆ ಮಾಡಿಸಿ.

ತಲೆನೋವಿಗೆ ಪ್ಯಾರಾಸಿಟಮಾಲ್ ಅನ್ನು ವೈದ್ಯರು ಹೇಳಿದ ಪ್ರಮಾಣದಲ್ಲಿ, ಅಗತ್ಯವಿದ್ದಷ್ಟು ದಿನ ಮಾತ್ರ ಸೇವಿಸಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದ ನೋವಿನ ಮಾತ್ರೆಗಳು, ವಿಶೇಷವಾಗಿ 20 ವಾರಗಳ ನಂತರ, ಶಿಶುವಿನ ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು. ಅಂಗಡಿಯಿಂದ ಅವನ್ನು ತಾವಾಗಿಯೇ ತರಿಸಬೇಡಿ. ನಾಟಿಮದ್ದಿನ ಕಷಾಯಗಳಿಗೂ ಇದೇ ಎಚ್ಚರ ಬೇಕು. ಐದನೇ ತಿಂಗಳ ನಂತರ ತೀವ್ರ ತಲೆನೋವಿನೊಡನೆ ಕಣ್ಣು ಮಂಜಾದರೆ ಅಥವಾ ಮುಖ ಬಾತುಕೊಂಡರೆ ಮಾತ್ರೆ ನುಂಗಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ ರಕ್ತದೊತ್ತಡ ನೋಡಿಸಿ.

ಮುಂದಿನ ತಪಾಸಣೆಗೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಅವರ ಸಂಶಯಗಳನ್ನು ಅವರೇ ವೈದ್ಯರಲ್ಲಿ ಕೇಳಲಿ.